ಕೋಲ್‌ಬರ್ಗ್ ಪಾಠ ಮತ್ತು ಕಳುವಾದ 9 ಡಾಲರ್

ನೈತಿಕ ವಿಕಾಸ ಎಂದ ಕೂಡಲೇ ನಾವು ಬಿ.ಇಡಿ.ಯವರು ಅಮೆರಿಕದ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್‌ ಹೇಳಿದ ಮೂರು ಮಟ್ಟ, ಆರು ಹಂತ ಬಾಯಿಪಾಠ ಮಾಡಿಬಿಡುತ್ತೇವೆ. ಶಿಕ್ಷಕರ ಅರ್ಹತಾ ಪರೀಕ್ಷೆಗೆ (ಟಿಇಟಿ) ಅಷ್ಟು ಸಾಕು, ಒಂಬತ್ತನೇ ತರಗತಿಯ ಮಕ್ಕಳ ಮುಂದೆ ನಿಂತಾಗ ಸಾಲುವುದಿಲ್ಲ.

ಮಕ್ಕಳ ನೈತಿಕ ಯೋಚನೆ ಅಳೆಯಲು ಕೋಲ್‌ಬರ್ಗ್ ಹೇಳುತ್ತಿದ್ದ ಹೈಂಜನ ಧರ್ಮಸಂಕಟದ ಕಥೆ ನೆನಪಿದೆಯಲ್ಲ? ಹೈಂಜನ ಹೆಂಡತಿಗೆ ಕ್ಯಾನ್ಸರ್. 200 ಡಾಲರ್ ಖರ್ಚಾದ ಔಷಧಕ್ಕೆ ಅಂಗಡಿಯವನು 2000 ಕೇಳುತ್ತಾನೆ. ಸಾಲಸೋಲ ಮಾಡಿದರೂ ಕೈಗೆ ಸಿಕ್ಕಿದ್ದು 1000. ಕದಿಯಬಹುದೆ? 'ಕದಿಯಲಿ' ಅಂದವನು ಮೇಲಿನ ಹಂತ, 'ಬೇಡ' ಅಂದವನು ಕೆಳಗಿನ ಹಂತ ಎಂದು ನಾನೂ ಬಹಳ ದಿನ ತಪ್ಪು ತಿಳಿದಿದ್ದೆ. ಹಂತ ಗೊತ್ತಾಗುವುದು 'ಯಾಕೆ?' ಎಂದು ಕೇಳಿದ ಮೇಲೆ. 'ಜೈಲಿಗೆ ಹಾಕ್ತಾರೆ, ಬೇಡ' ಎಂದರೆ ಶಿಕ್ಷೆ, ಲಾಭವನ್ನಷ್ಟೇ ನೋಡುವ ಪೂರ್ವ ಸಾಂಪ್ರದಾಯಿಕ ಮಟ್ಟ. 'ಹೆಂಡತೀನ ಸಾಯೋಕೆ ಬಿಟ್ಟ ಅಂತ ಜನ ಆಡ್ಕೋತಾರೆ, ಕದೀಲಿ' ಎಂದರೆ ಸಮಾಜದ ಒಪ್ಪಿಗೆ ನೋಡುವ ಸಾಂಪ್ರದಾಯಿಕ ಮಟ್ಟ. 'ಆಸ್ತಿಯ ಹಕ್ಕಿಗಿಂತ ಜೀವದ ಹಕ್ಕು ದೊಡ್ಡದು' ಎಂದರೆ ಕಟ್ಟಳೆಗಿಂತ ತತ್ವವನ್ನು ನೋಡುವ ಸಾಂಪ್ರದಾಯಿಕೋತ್ತರ ಮಟ್ಟ.

ಕೋಲ್‌ಬರ್ಗ್‌ನ 1958ರ ಮೂಲ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ. ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಹಿಡಿದ ಎಳೆ ಇದು. ಆಕೆ ಹೇಳುವ ಹನ್ನೊಂದು ವರ್ಷದ ಹುಡುಗಿಯೊಬ್ಬಳು 'ಗಂಡ ಜೈಲಿಗೆ ಹೋದರೆ ಹೆಂಡತಿಯ ಕಾಯಿಲೆ ಮತ್ತೆ ಹೆಚ್ಚಾಗಬಹುದು, ಇಬ್ಬರೂ ಕೂತು ಮಾತಾಡಿ ಬೇರೆ ದಾರಿ ಹುಡುಕಲಿ' ಎಂಬರ್ಥದಲ್ಲಿ ಉತ್ತರಿಸಿದಳು. ಕೋಲ್‌ಬರ್ಗ್‌ನ ಅಳತೆಗೋಲಿನಲ್ಲಿ ಅವಳಿಗೆ ಕಡಿಮೆ ಅಂಕ! ನಾವು ಪರಾನುಭೂತಿ (ಇನ್ನೊಬ್ಬರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು) ಎನ್ನುವುದು ಆ ಉತ್ತರದಲ್ಲೇ ಇತ್ತು.

ಕೋಲ್‌ಬರ್ಗ್‌ಗೂ ಕಥೆಯ ಚರ್ಚೆಯಷ್ಟೇ ಸಾಲದು ಅನ್ನಿಸಿತು. 1974ರಲ್ಲಿ ಅಮೆರಿಕದ ಕೇಂಬ್ರಿಜ್‌ನ ಹೈಸ್ಕೂಲೊಂದರ ಒಳಗೇ ಅವನ ವಿಚಾರಗಳ ಮೇಲೆ ಕ್ಲಸ್ಟರ್ ಸ್ಕೂಲ್ ಎಂಬ ಪುಟ್ಟ ಶಾಲೆ ಶುರುವಾಯಿತು. ವಾರಕ್ಕೊಮ್ಮೆ ಸಭೆ, ಮೇಷ್ಟ್ರಿಗೂ ಒಂದೇ ಓಟು, ವಿದ್ಯಾರ್ಥಿಗೂ ಒಂದೇ ಓಟು. ಒಮ್ಮೆ ಒಬ್ಬ ಹುಡುಗಿಯ ಪರ್ಸಿನಿಂದ 9 ಡಾಲರ್ ಕಳುವಾಯಿತು. ಕದ್ದವರು ಒಪ್ಪಿಕೊಳ್ಳಲಿಲ್ಲ. ಆಗ ಬಂದ ಸಲಹೆ: ಎಲ್ಲರೂ ತಲಾ 15 ಸೆಂಟ್ ಹಾಕಿ ಅವಳ ಹಣ ತುಂಬಿಕೊಡೋಣ. 'ನಾನು ಕದ್ದಿಲ್ಲ, ನಾನ್ಯಾಕೆ ಕೊಡಬೇಕು?' ಎಂಬ ತಕರಾರು ಎದ್ದಿತು. 'ಕಳ್ಳತನ ನಡೆಯಬಹುದಾದ ವಾತಾವರಣ ಇದೆ ಅಂದರೆ ಅದು ನಮ್ಮೆಲ್ಲರದ್ದು' ಎಂಬ ವಾದವೂ ಎದ್ದಿತು. ಹಣ ವಾಪಸ್ ಬರದಿದ್ದರೆ ಎಲ್ಲರೂ ಕೊಡುವುದೆಂದು ಕಡೆಗೆ ತೀರ್ಮಾನವಾಯಿತು. 15 ಸೆಂಟ್ ದೊಡ್ಡ ಮೊತ್ತವಲ್ಲ ನಿಜ, ಆದರೆ ಅವಳ ನಷ್ಟ ಪ್ರತಿಯೊಬ್ಬರದ್ದೂ ಆಯಿತು. ಈ ವಯಸ್ಸಿನಲ್ಲಿ ಗೆಳೆಯರ ಮಾತಿಗಿರುವ ತೂಕ ನಮ್ಮ ಉಪದೇಶಕ್ಕಿಲ್ಲ, ಸಭೆ ಆ ತೂಕವನ್ನೇ ಬಳಸಿಕೊಂಡಿತು.

ಪಾಠಯೋಜನೆ ಬರೆಯುವವರಿಗೊಂದು ಮಾತು. ಅಭ್ಯಾಸ ಬೋಧನೆಯಲ್ಲಿ ನಾನು ಹೈಂಜನ ಕಥೆ ಹೇಳಿದೆ, ಐದು ನಿಮಿಷಕ್ಕೆ ಚರ್ಚೆ ಮುಗಿಯಿತು. 'ಗೆಳೆಯ ಟೆಸ್ಟಿನಲ್ಲಿ ಉತ್ತರ ತೋರಿಸು ಅಂದ, ಏನು ಮಾಡ್ತೀರಿ?' ಎಂದು ಕೇಳಿದ್ದೇ ತಡ, ಬೆಲ್ ಹೊಡೆದರೂ ಯಾರೂ ಏಳಲಿಲ್ಲ.