ಮಗ ಗೇಟಿನ ಹತ್ರ ನಿಲ್ಲು ಅಂದಾಗ

ರಾಯಚೂರಿನ ನನ್ನ ಕ್ಲಿನಿಕ್ಕಿಗೆ ಬರುವ ಅಪ್ಪ ಅಮ್ಮಂದಿರ ಬಾಯಲ್ಲಿ ಪದೇ ಪದೇ ಕೇಳುವ ಮಾತು: "ಮೊದ್ಲು ಹಿಂಗಿರ್ಲಿಲ್ರಿ ಮೇಡಂ, ಈಗ ನಮ್ಮನ್ನ ಕಂಡ್ರ ಆಗಲ್ಲ." ಹೆತ್ತವರ ಮೇಲಿನ ಪ್ರೀತಿ ಮಕ್ಕಳಲ್ಲಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ವಯಸ್ಸಾದ ಹಾಗೆ ನಮ್ಮಿಂದ ಅವರಿಗೆ ಬೇಕಾದದ್ದು ಬೇರೆಯಾಗುತ್ತದೆ, ನಾವು ಮಾತ್ರ ಐದು ವರ್ಷದ ಮಗುವನ್ನು ಮಾತಾಡಿಸಿದ ಹಾಗೇ ಹದಿನಾಲ್ಕರ ಹುಡುಗನನ್ನೂ ಮಾತಾಡಿಸುತ್ತಿರುತ್ತೇವೆ.

ಏಳೆಂಟು ತಿಂಗಳ ಕೂಸು ಹೊಸಬರನ್ನು ಕಂಡು ಅಳುತ್ತದಲ್ವಾ, ಅದು ಒಳ್ಳೆಯ ಲಕ್ಷಣ. ತನ್ನವರು ಯಾರು ಅಂತ ಅದಕ್ಕೆ ಗೊತ್ತಾಗಿದೆ. ಆಮೇಲೆ ಮೂರ್ನಾಲ್ಕು ವರ್ಷ ಅದಕ್ಕೆ ಬೇಕಾಗಿರುವುದು ನೀವು ಹತ್ತಿರ ಇರುವುದು, ಅಷ್ಟೇ.

ನಮ್ಮ ಕಡೆ ಕಷ್ಟ ಶುರುವಾಗುವುದೇ ಇಲ್ಲಿ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯವರು ಮಗುವನ್ನು ಅಜ್ಜಿ ಹತ್ರ ಬಿಟ್ಟು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮೊಹರಂಗೆ ಊರಿಗೆ ಬಂದ ಒಬ್ಬ ತಾಯಿ ಹೊಸ ಫ್ರಾಕು ಕೈಯಲ್ಲಿ ಹಿಡ್ಕೊಂಡು ಕೂತೇ ಇದ್ದಳಂತೆ, ಮೂರು ವರ್ಷದ ಮಗಳು ಅಜ್ಜಿಯನ್ನೇ ಅವ್ವ ಅನ್ನುತ್ತಾ ಅವಳ ಸೆರಗು ಬಿಟ್ಟು ಈಚೆ ಬರಲೇ ಇಲ್ಲವಂತೆ. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಮ್ಮನಿಂದ ದೂರ ಉಳಿದ ಪುಟ್ಟ ಮಕ್ಕಳಲ್ಲಿ ಇದನ್ನೇ ಕಂಡರು. ಮೊದಲು ಜೋರು ಅಳು, ಆಮೇಲೆ ಮಂಕು, ಕೊನೆಗೆ ಅಮ್ಮ ಎದುರಿಗೆ ಬಂದರೂ ಮುಖ ತಿರುಗಿಸುವುದು. ಮಗು ಮರೆತಿಲ್ಲ, ನೊಂದಿದೆ. ಎಳೆದು ಎತ್ತಿಕೊಳ್ಳಬೇಡಿ. "ನಿಮ್ಮವ್ವ ಯಾರು ಹೇಳು" ಅಂತ ಪರೀಕ್ಷೆ ಬೇಡವೇ ಬೇಡ. ಪಕ್ಕದಲ್ಲಿ ಸುಮ್ನೆ ಕೂತು ಅಕ್ಕಿ ಹಸನು ಮಾಡಿ, ತಾನಾಗಿ ಬರುತ್ತದೆ. ಇನ್ನೊಂದು, ಅಳುತ್ತದೆ ಅಂತ ಮಗು ಮಲಗಿದಾಗ ಎದ್ದು ರಾತ್ರಿ ಬಸ್ ಹತ್ತಬೇಡಿ. ಹಾಗೆ ಹೋದ ಮನೆಗಳ ಮಕ್ಕಳು ನಿದ್ದೆಗೇ ಹೆದರುವುದನ್ನು ನೋಡಿದ್ದೇನೆ. ಹೇಳಿ ಹೋಗಿ, ಅತ್ತರೂ ಪರವಾಗಿಲ್ಲ.

ಶಾಲೆಯ ಮೊದಲ ವರ್ಷಗಳು ಸಲೀಸು. ಅಪ್ಪನಿಗೆ ಎಲ್ಲಾ ಗೊತ್ತು ಅನ್ನುವ ವಯಸ್ಸು ಅದು.

ಹನ್ನೆರಡು ದಾಟಿದ ಮೇಲೆ ಅದೇ ಅಪ್ಪನ ತಪ್ಪುಗಳು ಕಾಣತೊಡಗುತ್ತವೆ. ಸಿಂಧನೂರು ಕಡೆಯ ರೈತರೊಬ್ಬರು ಭತ್ತದ ಗದ್ದೆಯಿಂದ ನೇರ ಹಾಸ್ಟೆಲ್ಲಿಗೆ ಹೋದರೆ ಒಂಬತ್ತನೇ ಕ್ಲಾಸಿನ ಮಗ, "ಯಪ್ಪಾ, ನೀ ಒಳಗ ಬರಬ್ಯಾಡ, ಗೇಟ್ ಹತ್ರನೇ ನಿಂದ್ರು" ಅಂದನಂತೆ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಅವರು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಹುಡುಗನನ್ನು ಒಬ್ಬನೇ ಕೂರಿಸಿ ಕೇಳಿದೆ. ತುಂಬಾ ಹೊತ್ತು ಚಪ್ಪಲಿ ನೋಡುತ್ತಾ ಕೂತಿದ್ದವನು, "ಅವ್ರು ನಮ್ಮಪ್ಪನ್ನ ನೋಡಿ ನಕ್ರ ನಂಗ ತಡ್ಕೊಳಾಕ ಆಗಲ್ರಿ" ಅಂದ. ಅಲ್ಲಿ ನಾಚಿಕೆಯೂ ಇತ್ತು, ಅಪ್ಪನನ್ನು ಯಾರೂ ಆಡಿಕೊಳ್ಳಬಾರದು ಅನ್ನುವ ಸಂಕಟವೂ ಇತ್ತು. ಎರಡನ್ನೂ ಬಿಡಿಸಿ ಹೇಳುವಷ್ಟು ಮಾತು ಆ ವಯಸ್ಸಿಗೆ ಇರುವುದಿಲ್ಲ. ಭಾವನೆಯ ಅಬ್ಬರ ಹದಿಹರೆಯದಲ್ಲೇ ಏರುತ್ತದೆ, ಅದನ್ನು ಹಿಡಿದು ಯೋಚಿಸಿ ಮಾತಾಡಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಇಂಥ ಹೊತ್ತಲ್ಲಿ "ನಿನಗೋಸ್ಕರ ಬಿಸಿಲಾಗ ಸಾಯಾಕತ್ತೀವಿ" ಅಂತ ಲೆಕ್ಕ ಒಪ್ಪಿಸಿದರೆ ಹುಡುಗ ಇನ್ನಷ್ಟು ದೂರ ಹೋಗುತ್ತಾನೆ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ ಮಾತಾಡಿ. ಮುಖ ನೋಡಬೇಕಿಲ್ಲವಲ್ಲ, ಆಗ ಅವರು ಜಾಸ್ತಿ ಮಾತಾಡುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ದೂರ ಸರಿಯುವವರು ಎಷ್ಟೋ ಸಲ ಅಪ್ಪಂದಿರೇ. ಮಗಳು ದೊಡ್ಡವಳಾದಳು ಅಂತ ಮಾತು ಕಡಿಮೆ ಮಾಡುತ್ತಾರೆ, ನನ್ನಿಂದ ಏನೋ ತಪ್ಪಾಗಿದೆ ಅಂತ ಅವಳು ಒಳಗೇ ಕೊರಗುತ್ತಾಳೆ. ದಯವಿಟ್ಟು ಮೊದಲಿನ ಹಾಗೇ ಮಾತಾಡಿಸಿ.

ತೋರಣಗಲ್ಲಿನ ಕಾರ್ಖಾನೆಗೆ ಸೇರಿ ಮೊದಲ ಪಗಾರ ಎಣಿಸಿದಾಗ, ಅಪ್ಪ ಇದರಲ್ಲಿ ಅರ್ಧವೂ ಇಲ್ಲದೆ ಮನೆ ಹೇಗೆ ನಡೆಸಿದ ಅಂತ ಯೋಚಿಸುವ ಹುಡುಗರಿದ್ದಾರೆ. ಎಲ್ಲರ ಮನಸ್ಸೂ ಹೀಗೆ ಮೆತ್ತಗಾಗುವುದಿಲ್ಲ. ಹೊಡೆತ ತಿಂದೇ ಬೆಳೆದವರ ಸಿಟ್ಟು ಮೂವತ್ತಾದರೂ ಉಳಿದಿರುತ್ತದೆ, ಅವರಿಗೆ ಕ್ಷಮಿಸಿಬಿಡು ಅಂತ ನಾನು ಒತ್ತಾಯ ಮಾಡುವುದಿಲ್ಲ.

ಎದುರು ಮಾತಾಡುವ ಹುಡುಗರಿಗಿಂತ, ಎರಡು ವಾರ ಯಾರ ಜೊತೆಗೂ ಸೇರದೆ, ಊಟ ನಿದ್ದೆ ಕೆಟ್ಟು, ಸಾಯುವ ಮಾತಾಡುವವರ ಬಗ್ಗೆ ನನಗೆ ಭಯ ಜಾಸ್ತಿ. ಅಂಥವರನ್ನು ತಡ ಮಾಡದೆ ಕರೆದುಕೊಂಡು ಬನ್ನಿ. ಹುಚ್ಚರ ಡಾಕ್ಟರು ಅಂತ ಹಿಂಜರಿಯಬೇಡಿ. ನಿಮ್ಹಾನ್ಸ್‌ನವರು ಜಿಲ್ಲೆ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು 1980ರ ದಶಕದಲ್ಲಿ ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ, 1996ರಲ್ಲಿ ದೇಶದ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ ಅದೇ. ಬರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ.