ಯಜ್ಞದಿಂದ ಗುಡಿಗೆ: ಹಿಂದೂ ಧರ್ಮ ಬೆಳೆದು ಬಂದ ದಾರಿ

ಹಿಂದೂ ಧರ್ಮ ಅಂದ ಕೂಡಲೇ ನೆನಪಾಗುವುದು ಗುಡಿ, ಮೂರ್ತಿ, ಮಂಗಳಾರತಿ, ತೇರು. ಋಗ್ವೇದದಲ್ಲಿ ಹುಡುಕಿದರೆ ಇವು ಯಾವುವೂ ಸಿಗುವುದಿಲ್ಲ. ಅದರ 1,028 ಸೂಕ್ತಗಳಲ್ಲಿ ಅತಿ ಜಾಸ್ತಿ ಇಂದ್ರನವು, ಆಮೇಲೆ ಅಗ್ನಿಯವು. ವಿಷ್ಣುವಿಗೆ, ರುದ್ರನಿಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು. ಬೆಂಕಿಗೆ ತುಪ್ಪ ಸುರಿಯುವುದು, ಸೋಮರಸ ಅರ್ಪಿಸುವುದು, ಪಶುಬಲಿ, ಇದೇ ಆಗಿನ ಆರಾಧನೆ. ಸುಮಾರು ಕ್ರಿ.ಪೂ. 1500ರಿಂದ 1000ರ ನಡುವೆ ಪಂಜಾಬಿನ ನದಿ ಬಯಲಲ್ಲಿ ದನ, ಕುದುರೆ ಸಾಕಿಕೊಂಡಿದ್ದ ಜನ ಕಟ್ಟಿದ ಹಾಡುಗಳು ಅವು.

ಅದಕ್ಕೂ ಮುಂಚೆ ಹರಪ್ಪ, ಮೊಹೆಂಜೊದಾರೊ ನಗರಗಳಿದ್ದವು. ಅಲ್ಲಿನ ಒಂದು ಮುದ್ರೆಯಲ್ಲಿ ಕೊಂಬಿನ ಕಿರೀಟ ತೊಟ್ಟು ಕುಳಿತ ಆಕೃತಿಯಿದೆ. ಪುರಾತತ್ವ ಇಲಾಖೆಯ ಜಾನ್ ಮಾರ್ಷಲ್ ಅದನ್ನು ಶಿವನ ಮೂಲರೂಪ ಅಂದರು. ಆದರೆ ಆ ಮುದ್ರೆಗಳ ಮೇಲಿನ ಲಿಪಿಯನ್ನು ಓದಲು ಇನ್ನೂ ಆಗಿಲ್ಲ. ಊಹೆಯನ್ನು ಊಹೆ ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಮತ್ತೆ ಯಜ್ಞದ ಜಾಗಕ್ಕೆ ಗುಡಿ ಬಂದದ್ದು ಹೇಗೆ? ಗಂಗಾ ಬಯಲಲ್ಲಿ ಪಟ್ಟಣಗಳು ಎದ್ದಾಗ ಯಜ್ಞದ ಬಗ್ಗೆಯೇ ಪ್ರಶ್ನೆಗಳು ಶುರುವಾದವು. ಉಪನಿಷತ್ತಿನ ಚಿಂತಕರು ಒಳಗಿನಿಂದಲೇ ಕೇಳಿದರು. ಬುದ್ಧ, ಮಹಾವೀರರು ಹೊರಗೆ ನಿಂತು ಪಶುಬಲಿಯನ್ನು ತಿರಸ್ಕರಿಸಿದರು. ವೈದಿಕರು ವಾದ ಮಾಡುತ್ತಲೇ ಎದುರಾಳಿಗಳ ಅಹಿಂಸೆಯನ್ನೂ ತಮ್ಮದಾಗಿಸಿಕೊಂಡರು. ಜನ ಮೊದಲಿನಿಂದ ಪೂಜಿಸುತ್ತಿದ್ದ ನಾಗ, ಯಕ್ಷ, ಊರದೇವತೆಗಳೂ ಪುರಾಣದ ಕತೆಗಳ ಮೂಲಕ ಒಳಗೆ ಬಂದವು. ಈ ಜೀರ್ಣಶಕ್ತಿಯೇ ಇದರ ನಿಜವಾದ ಚರಿತ್ರೆ ಅನ್ನುವುದು ನನ್ನ ಅನಿಸಿಕೆ. ಮಧ್ಯಪ್ರದೇಶದ ವಿದಿಶಾ ಬಳಿ ಒಂದು ಗರುಡಗಂಬ ಇದೆ. ಕ್ರಿ.ಪೂ. 2ನೇ ಶತಮಾನದ ಕೊನೆಗೆ ಅದನ್ನು ವಾಸುದೇವನಿಗೆ ನಿಲ್ಲಿಸಿದವನು ಹೆಲಿಯೊಡೋರಸ್, ತಕ್ಷಶಿಲೆಯಿಂದ ಬಂದ ಗ್ರೀಕ್ ರಾಯಭಾರಿ! ತಾನು ಭಾಗವತ, ಅಂದರೆ ವಾಸುದೇವನ ಭಕ್ತ ಅಂತ ಅವನೇ ಬರೆಸಿಕೊಂಡಿದ್ದಾನೆ.

ಗುಪ್ತರ ಕಾಲಕ್ಕೆ ಕಲ್ಲಿನ ಗುಡಿಗಳು ಬಂದವು. ಚಾಲುಕ್ಯರ ಬಾದಾಮಿಯ ವಿಷ್ಣು ಗುಹೆಯ ಶಾಸನ ಕ್ರಿ.ಶ. 578ರದು. ಮುಂದೆ ಗುಡಿ ಬರೀ ಪೂಜೆಯ ಜಾಗವಾಗಿ ಉಳಿಯಲಿಲ್ಲ. ಜಮೀನು ಹಿಡಿಯಿತು, ಸಾಲ ಕೊಟ್ಟಿತು, ಕೆಲಸ ಕೊಟ್ಟಿತು. ತಂಜಾವೂರಿನ ದೊಡ್ಡ ಗುಡಿಗೆ ರಾಜರಾಜ ಚೋಳ ನೇಮಿಸಿದ ಸುಮಾರು 400 ನರ್ತಕಿಯರ ಹೆಸರು ಗೋಡೆಯ ಮೇಲೆಯೇ ಇವೆ. ಆದರೆ ಸುತ್ತಲ ಹೊಲದಲ್ಲಿ ದುಡಿಯುವ ಎಷ್ಟೋ ಜನರಿಗೆ ಗುಡಿಯೊಳಗೆ ಪ್ರವೇಶ ಇರಲಿಲ್ಲ.

ಸಮಾಜದ ಮೇಲೆ ಬಿದ್ದ ಅತಿ ಭಾರವಾದ ಪ್ರಭಾವ ಈ ಜಾತಿಯ ಮೇಲು-ಕೀಳೇ. ನಾಲ್ಕು ವರ್ಣಗಳ ಮಾತು ಋಗ್ವೇದದ 10ನೇ ಮಂಡಲದಲ್ಲಿದೆ. ನಾವು ಕಾಣುವ ಸಾವಿರಾರು ಜಾತಿಗಳು ಅಲ್ಲಿಲ್ಲ. ಅವು ಕಸುಬು, ಮದುವೆ, ಜಮೀನಿನ ಲೆಕ್ಕದಲ್ಲಿ ನಿಧಾನವಾಗಿ ಗಟ್ಟಿಯಾದವು. ಶಾಸ್ತ್ರಗಳು ಅದಕ್ಕೆ ಮುದ್ರೆ ಒತ್ತಿದವು. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಇದನ್ನೇ ಎದುರು ಹಾಕಿಕೊಂಡರು. 1901ರ ಜನಗಣತಿಯಲ್ಲಿ ಬ್ರಿಟಿಷರು ಜಾತಿಗಳಿಗೆ ಮೇಲು-ಕೀಳಿನ ಪಟ್ಟಿ ಕಟ್ಟಲು ಹೊರಟಾಗ, ತಮ್ಮನ್ನು ಮೇಲೆ ಹಾಕಿ ಅಂತ ಅರ್ಜಿಗಳ ರಾಶಿಯೇ ಬಿತ್ತು.

ಗುಡಿಯ ಸುತ್ತಲ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ಈಗಿನ ಕೇರಳದ ವೈಕಂನಲ್ಲಿ 1924ರಲ್ಲಿ ಸತ್ಯಾಗ್ರಹ ನಡೆಯಿತು. ವೈಕಂ ಸೇರಿದ್ದ ತಿರುವಾಂಕೂರು ಸಂಸ್ಥಾನದ ಸರ್ಕಾರಿ ಗುಡಿಗಳು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರಲ್ಲಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು.

ಹಿಂದೂ ಯಾರು ಅನ್ನುವ ಪ್ರಶ್ನೆ ಮಾತ್ರ ಮುಗಿದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರನ್ನು ಹೆಸರಿಸಿಯೇ ಹಿಂದೂಗಳ ಜೊತೆ ಸೇರಿಸಿದೆ. 2018ರಲ್ಲಿ ಕರ್ನಾಟಕ ಸರ್ಕಾರ ಅವರಿಗೆ ಪ್ರತ್ಯೇಕ ಧರ್ಮದ ಸ್ಥಾನಕ್ಕೆ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ.