ಮಳೆಗಾಲದಲ್ಲಿ ಅಳಿವೆ ಸಿಹಿಯಾದಾಗ ಡಯಾಟಮ್‌ಗಳು ಏನಾಗುತ್ತವೆ?

ಪ್ರಶ್ನೆ: ಅಳಿವೆ, ಅಂದ್ರೆ ಹೊಳೆ ಕಡಲು ಸೇರುವ ಜಾಗದ ನೀರು, ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ. ಹಾಗಾದ್ರೆ ಅಲ್ಲಿ ತೇಲುವ ಡಯಾಟಮ್‌ಗಳು ಮಳೆಗಾಲದಲ್ಲಿ ಸಾಯುತ್ತವಾ? ಮತ್ತೆ ಬರೋದು ಎಲ್ಲಿಂದ?

ಕೆಲವು ಸಾಯುತ್ತವೆ, ಬಹಳಷ್ಟು ಕಡಲಿಗೆ ಕೊಚ್ಚಿ ಹೋಗುತ್ತವೆ, ಇನ್ನು ಕೆಲವು ಕೆಸರಿನಲ್ಲಿ ಉಳಿಯುತ್ತವೆ. ಕುಮಟಾದ ಅಘನಾಶಿನಿ ಅಳಿವೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ ಇದು. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಇಲ್ಲಿ ಉಪ್ಪು ಎಷ್ಟಿರಬೇಕು ಅನ್ನೋದನ್ನು ಇನ್ನೂ ಮಳೆ ಮತ್ತು ಭರತ-ಇಳಿತವೇ ತೀರ್ಮಾನಿಸುತ್ತವೆ.

ಡಯಾಟಮ್ ಅಂದರೆ ಒಂದೇ ಕೋಶದ ಪಾಚಿ. ಮೈಸುತ್ತ ಸಿಲಿಕಾದ (ಮರಳು, ಗಾಜಿನಲ್ಲಿರುವ ವಸ್ತು) ಚಿಪ್ಪು, ಡಬ್ಬಿಗೆ ಮುಚ್ಚಳ ಕೂತ ಹಾಗೆ ಎರಡು ಭಾಗ.

ಬೇಸಿಗೆಯ ಭರತದಲ್ಲಿ ಅಳಿವೆ ಬಾಯಲ್ಲಿ ಕಡಲಿನಷ್ಟೇ ಉಪ್ಪು, ಅಂದರೆ ಸಾವಿರ ಪಾಲಿಗೆ ಸುಮಾರು 35. ಆಗ ಅಲ್ಲಿನ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವವು ಅದರಲ್ಲಿರುತ್ತವೆ: ದುಂಡನೆಯ, ಸಾಲುಸಾಲು ರಂಧ್ರಗಳ ಕಾಸಿನೋಡಿಸ್ಕಸ್, ಉದ್ದ ಕೂದಲು ಚಾಚಿ ಸರಪಳಿಯಾಗಿ ನಿಂತ ಕೀಟೋಸೆರಸ್, ಕಡ್ಡಿಯಷ್ಟು ನೀಳವಾದ ರೈಜೋಸೊಲೇನಿಯಾ. ನಡುವೆ ಎರಡು ಕಡೆ ಬಾಗಿದ ಪ್ಲೂರೋಸಿಗ್ಮಾ ಸಿಕ್ಕರೆ ಅದು ಸಾಮಾನ್ಯವಾಗಿ ತೇಲುವ ಜಾತಿಯದ್ದಲ್ಲ. ಕೆಸರಿನ ಮೇಲಿದ್ದದ್ದನ್ನು ಭರತ ಎಬ್ಬಿಸಿ ತಂದಿರುತ್ತದೆ. ಅದಕ್ಕೇ ಒಂದೇ ಜಾಗದಲ್ಲಿ ಭರತಕ್ಕೊಂದು ಪಟ್ಟಿ, ಇಳಿತಕ್ಕೊಂದು ಪಟ್ಟಿ ಸಿಗುತ್ತದೆ. ಹೊತ್ತು ಬರೆಯದ ಸ್ಯಾಂಪಲ್ ನನ್ನ ಲೆಕ್ಕದಲ್ಲಿ ಅರ್ಧ ಸ್ಯಾಂಪಲ್.

ಒಳಗೆ ಹೋದಂತೆ ಉಪ್ಪು ಇಳಿಯುತ್ತದೆ, ಕಡಲಿನವು ಕಮ್ಮಿಯಾಗುತ್ತವೆ. ಅಳಿವೆಯ ನಡುಭಾಗದಲ್ಲಿ ಉಪ್ಪು ದಿನಕ್ಕೆರಡು ಸಲ ಏರಿಳಿಯುತ್ತದೆ. ಇದನ್ನು ತಾಳಿಕೊಳ್ಳುವ ಜಾತಿಗಳೇ ಕಡಿಮೆ. ಸ್ಕೆಲಿಟೊನಿಮಾ ಅಂಥ ಗಟ್ಟಿಗ. ಕೆಲವೊಮ್ಮೆ ಅದೊಂದೇ ನೀರು ತುಂಬಿಬಿಡುತ್ತದೆ. ಆಗ ಎಣಿಕೆ ಜಾಸ್ತಿ, ವೈವಿಧ್ಯ ಕಮ್ಮಿ. ಈ ಎರಡನ್ನೂ ಒಂದೇ ಅಂದುಕೊಳ್ಳಬಾರದು.

ಜೂನ್ ಬಂತು ಅಂದ್ರೆ ಎಲ್ಲ ಬದಲು. ಘಟ್ಟದ ಕೆಂಪು ನೀರಿನಲ್ಲಿ ಬೆಳಕು ಕೆಳಗಿಳಿಯಲ್ಲ. ಹೊಳೆಯ ರಭಸ ಎಷ್ಟೆಂದರೆ ಕೋಶ ಎರಡಾಗುವ ಮೊದಲೇ ಕಡಲು ಸೇರಿರುತ್ತದೆ. ಮೇಲಿನಿಂದ ಸೈಕ್ಲೊಟೆಲ್ಲಾ, ಆಲಕೊಸೈರಾದಂಥ ಸಿಹಿನೀರಿನವು ಬರುತ್ತವೆ, ಅವೂ ನಿಲ್ಲೋದಿಲ್ಲ. ಆದರೆ ಅದೇ ನೀರು ಘಟ್ಟದ ಕಲ್ಲು-ಮಣ್ಣಿನಿಂದ ಕರಗಿದ ಸಿಲಿಕಾವನ್ನೂ ತರುತ್ತದೆ. ಚಿಪ್ಪು ಕಟ್ಟಲು ಬೇಕಾದದ್ದು ಅದೇ ಅಲ್ವಾ? ಮಳೆ ತಗ್ಗಿ, ನೀರು ತಿಳಿಯಾಗಿ, ಉಪ್ಪು ಏರತೊಡಗಿದಾಗ ಕಡಲಿನವು ಭರತದ ಜೊತೆ ಒಳಬರುತ್ತವೆ. ಕೀಟೋಸೆರಸ್‌ನಂಥವು ಕಷ್ಟಕಾಲಕ್ಕೆಂದು ಕಟ್ಟಿದ ದಪ್ಪ ಚಿಪ್ಪಿನ ಬೀಜಕಗಳು ಕೆಸರಿನಿಂದ ಎದ್ದು ಮೊಳೆಯುತ್ತವೆ. ಅನುಕೂಲ ಕೂಡಿಬಂದರೆ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅಳಿವೆಯ ಬಳಚು (ಕೆಸರಿನಲ್ಲಿ ಬದುಕುವ ಎರಡು ಚಿಪ್ಪಿನ ಜೀವಿ) ನೀರು ಸೋಸಿ ತಿನ್ನೋದು ಇವನ್ನೇ.

ಪಕ್ಕದ ಶರಾವತಿ ನೋಡಿ. ವಿದ್ಯುತ್ ಉತ್ಪಾದಿಸಿ ಬಿಟ್ಟ ನೀರು ಅಲ್ಲಿ ಬೇಸಿಗೆಯಲ್ಲೂ ಹರಿಯುತ್ತದೆ, ಉಪ್ಪು ಏರಬೇಕಾದಷ್ಟು ಏರೋದಿಲ್ಲ. ಜಲಾಶಯದ ನಿಂತ ನೀರಿನಲ್ಲಿ ಬೆಳೆದ ಡಯಾಟಮ್‌ಗಳು ಅಲ್ಲೇ ತಳ ಸೇರಿದಾಗ ಸಿಲಿಕಾದ ಒಂದು ಪಾಲೂ ಅಲ್ಲೇ ಉಳಿಯುತ್ತದೆ. ಅಘನಾಶಿನಿಗೆ ಯಾವುದೇ ಹೊಸ ಯೋಜನೆ ಬಂದರೂ, ನೀರು ಎಷ್ಟು ತೆಗೀತಾರೆ ಅನ್ನೋದರ ಜೊತೆಗೆ ಯಾವ ತಿಂಗಳಲ್ಲಿ ಎಷ್ಟು ಕಡಲಿಗೆ ಬಿಡ್ತಾರೆ ಅಂತಲೂ ಕೇಳಲೇಬೇಕು.